ಎಡಗಾಲಿನ ಚಪ್ಪಲಿ

ಎಂಟೂ ಇಪ್ಪತ್ತು.
ಒಂಬತ್ತಕ್ಕೆ ಡಿಪೋದಲ್ಲಿ ಟಿಕೆಟ್ ಮಿಷನ್ನು ತಗೋಬೇಕು.
ಇಂಚರ ಹೊಸ್ತಿಲಾಚೆ ಮೆಟ್ಟಿಲ ಮೇಲೆ ಕೂತು
ಎಡಗಾಲಿನ ಚಪ್ಪಲಿಯ ಬಕಲಿಗೆ
ಪಟ್ಟಿ ತೂರಿಸುತ್ತಿದ್ದಾಳೆ.
ನಾನೇ ಹಾಕ್ಕೋತೀನಿ, ಅಂದಿದ್ದಾಳೆ.
ಹಾಕ್ಕೋತಾನೇ ಇದ್ದಾಳೆ.

ಒಳಗೆ ಅವಳ ತಮ್ಮ ಗವಿ
ಅಕ್ಕಿ ಡಬ್ಬಿಯ ಮುಚ್ಚಳ ತೆಗೆದು
ಸೇರಿನಿಂದ ನೆಲಕ್ಕೆ, ನೆಲದಿಂದ ತನ್ನ ತಲೆಗೆ
ಬಹಳ ಪ್ರಾಮಾಣಿಕವಾಗಿ ಅಳೆಯುತ್ತಿದ್ದಾನೆ.
ಕುಕ್ಕರು ಮೂರು ಕೂಗಿತೋ ನಾಲ್ಕೋ.
ಮೂರು ದಿನದ ಮೇಲೆ ಇವತ್ತು ಬಂದ ಕಾವೇರಿ
ಲಗ್ಗೆರೆಯ ಏರು ಹತ್ತಲಾರದೆ
ಅರ್ಧ ಬಿಂದಿಗೆಗೇ ಸುಸ್ತಾಗಿ ನಿಂತಿದ್ದಾಳೆ.

ನಿನ್ನೆ ಇದೇ ಹೊತ್ತಿಗೆ ಹೊಡೆದೆ.
ಅದನ್ನೂ ಹೇಳಿಬಿಡುತ್ತೇನೆ.
ಬೆನ್ನ ಮೇಲೆ, ಅಂಗೈ ಬಿಚ್ಚಿ.
ಹಾಲು ಚೆಲ್ಲಿದ್ದು ನೆಪ.
ಮೊನ್ನೆ ಸಂಜೆಯ ಟ್ರಿಪ್ಪಿನಲ್ಲಿ ಒಬ್ಬ
ಐದು ರೂಪಾಯಿ ಚಿಲ್ಲರೆಗೆ
ನನ್ನ ಹುಟ್ಟನ್ನೇ ಎತ್ತಿ ಆಡಿದ್ದ.
ಅವನಿಗೆ ಕೊಡದೆ ಉಳಿದದ್ದನ್ನು
ಇವಳ ಬೆನ್ನಿಗೆ ಎಣಿಸಿಕೊಟ್ಟೆ.
ಅಳಲಿಲ್ಲ. ತಿರುಗಿ ನೋಡಿದಳು,
ಟಿಕೆಟ್ ಇದ್ದೂ ಇಳಿಸಿದವರ ಹಾಗೆ.

ಆಮೇಲೆ ಸುಂಕದಕಟ್ಟೆಯಿಂದ ಮಾರ್ಕೆಟ್ಟಿಗೆ
ಮಾರ್ಕೆಟ್ಟಿನಿಂದ ಸುಂಕದಕಟ್ಟೆಗೆ
ಆ ನೋಟ ಫುಟ್‌ಬೋರ್ಡಿನಲ್ಲಿ ಜೋತುಕೊಂಡೇ ಬಂತು.
ಎಲ್ಲಿ ಇಳೀತೀಯಮ್ಮ ಅಂದರೆ ಮಾತಿಲ್ಲ.
ಹತ್ತಿದ ಹೆಂಗಸರಿಗೆಲ್ಲ
ಸೊನ್ನೆ ರೂಪಾಯಿಯ ಟಿಕೆಟು ಹರಿದು ಕೊಟ್ಟೆ.
ನನಗೊಂದು ಹರಿದುಕೊಳ್ಳಲು ಧೈರ್ಯ ಸಾಲಲಿಲ್ಲ.

ರಾತ್ರಿ ಮಕ್ಕಳನ್ನು ಕರೆತರಲು ಹೋದಾಗ
ಪಕ್ಕದ ಮನೆ ಮೆಹಬೂಬಿ ಅಜ್ಜಿ ನನ್ನ ಮುಖ ನೋಡಿದರು.
ಏಳು ಹೆತ್ತವರು, ಊದುಬತ್ತಿ ಹೊಸೆದು ಸಾಕಿದವರು.
ತಾಳ್ಮೆ ಅಂತ ನನಗೇನೂ ಇರಲಿಲ್ಲ ಕಣಮ್ಮ, ಅಂದರು.
ಕೈ ತುಂಬ ಕರೀ ಹಿಟ್ಟು ಇರೋದು,
ಹೊಡೆಯೋಕೆ ಮುಂಚೆ ತೊಳಕೋಬೇಕಲ್ಲ.
ತೊಳೆದು ಬರೋಷ್ಟರಲ್ಲಿ
ಯಾರಿಗೆ ಹೊಡೀಬೇಕು ಅನ್ನೋದೇ ಮರೆತುಹೋಗೋದು.
ಏಳು ಜನ ನೋಡು, ಯಾರಂತ ನೆನಪಿಟ್ಕೊಳ್ಳಲಿ?

ನಕ್ಕೆ. ಆದರೆ ನನ್ನ ಕೈ ಯಾವಾಗಲೂ ಒಣ.
ನೋಟು, ಕಾಗದ, ಕಂಬಿ.

ದಿನಕ್ಕೆ ಸಾವಿರ ಸಲ ಕೂಗುತ್ತೇನೆ:
ಮುಂದೆ ಹೋಗಿ, ಒಳಗೆ ಜಾಗ ಇದೆ.
ಇರುವುದಿಲ್ಲ. ಸುಳ್ಳು.
ಆದರೂ ಕಾಮಾಕ್ಷಿಪಾಳ್ಯದಲ್ಲಿ ಹತ್ತಿದ ಬಸುರಿಗೆ
ಎಲ್ಲಿಂದಲೋ ಒಂದು ಗೇಣು ಹುಟ್ಟಿಕೊಳ್ಳುತ್ತದೆ.
ಯಾರೋ ಮೊಣಕೈ ಮಡಚುತ್ತಾರೆ,
ಯಾರೋ ಚೀಲವನ್ನು ಎದೆಗೆ ಎಳೆದುಕೊಳ್ಳುತ್ತಾರೆ,
ಬಸ್ಸು ಹೊರಡುತ್ತದೆ.

ಎಂಟೂ ಇಪ್ಪತ್ತಾರು.
ಪಟ್ಟಿ ಬಕಲಿನ ಬಾಯಿಗೆ ಬಂದು ಮತ್ತೆ ಜಾರಿತು.
ನಾಲಗೆ ತುದಿ ಹೊರಗೆ ಚಾಚಿದ್ದಾಳೆ,
ಸೂಜಿಗೆ ದಾರ ಪೋಣಿಸುವಾಗ ನಮ್ಮವ್ವ ಚಾಚುತ್ತಿದ್ದ ಹಾಗೆ.
ನನ್ನ ಬಲಗೈ ಎದ್ದಿತು.
ಕಿತ್ತುಕೊಂಡು ತೊಡಿಸಿ, ಕಂಕುಳಲ್ಲಿ ಸಿಕ್ಕಿಸಿಕೊಂಡು ಓಡೋಣ ಅಂತ,
ಅಥವಾ ಇನ್ನೇನಕ್ಕೋ.
ಕೈಗೆ ಮಾತ್ರ ಗೊತ್ತು.

ಒಳಗೆ ಹೋದೆ.
ಗವಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು
ಆ ಕೈಯನ್ನು ಅಕ್ಕಿ ಡಬ್ಬಿಯೊಳಗೆ ಹೂತೆ.
ತಂಪಿತ್ತು.
ಇವನಿಗೆ ಆಶ್ಚರ್ಯ. ಒಂದು ಸೇರು ತುಂಬಿ
ನನ್ನ ಮೊಣಕೈ ಮೇಲೆ ಸುರಿದ.
ಇನ್ನೊಂದು ಸುರಿಯೋ, ಅಂದೆ.
ಸುರಿದ.
ಹೊರಗೆ ಗ್ಯಾಸಿನವನು, ಸೊಪ್ಪಿನವಳು, ಯಾರದೋ ಹಾರ್ನು.
ನಾವಿಬ್ಬರೂ ಮಾತಾಡಲಿಲ್ಲ.

ಆಯ್ತೂ! ಅಂತ ಕೂಗು ಬಂತು ಮೆಟ್ಟಿಲಿಂದ.

ಹೋಗಿ ನೋಡಿದರೆ ಬಕಲು ಬಿಗಿಯಾಗಿ ಕೂತಿದೆ.
ಎಡಗಾಲಿನದು ಬಲಗಾಲಿಗೆ.
ಬಲಗಾಲಿನದು ಇನ್ನೂ ಕೈಯಲ್ಲಿ.
ನನ್ನ ಮುಖ ನೋಡುತ್ತಿದ್ದಾಳೆ, ನಿನ್ನೆಯ ಆ ಕಣ್ಣಲ್ಲೇ.
ಡಿಪೋದಲ್ಲಿ ಚಿಕ್ಕರಂಗಯ್ಯ ಇವತ್ತು ಲೇಟು ಬರೆಯುತ್ತಾರೆ, ಬರೆಯಲಿ.
ಅಂಗನವಾಡಿ ಇನ್ನೂರು ಹೆಜ್ಜೆ.

ತೋಳಿಗೆ ಅಂಟಿದ ಅಕ್ಕಿ ಕೊಡವುತ್ತ
ಅವಳ ಪಕ್ಕ ಕೂತು
ರೈಟ್, ಅಂದೆ.
ಇನ್ನೊಂದು ಹಾಕ್ಕೋ.